ಎರಡು ಹಳದಿ ಗೆರೆ

ಹೊನ್ನಕ್ಕ ತಮ್ಮನ ಹೆಣಕ್ಕೆ ಮೂರನೆಯ ಬಿಂದಿಗೆ ನೀರು ಸುರಿಯುತ್ತಲೇ ತಮ್ಮನ ಮಗಳು ಮಲ್ಲಿಗಮ್ಮನ ಕಡೆ ತಿರುಗಿದಳು.

"ಎಷ್ಟೊತ್ತಿಗವ್ವಾ ನಿನ್ ಪರೀಕ್ಸೆ?"

"ಎಲ್ಡು ಗಂಟೆಗೆ ಕಣತ್ತೆ."

"ಈಗೆಷ್ಟು?"

"ಹನ್ನೆರಡೂವರೆ."

ಮಲ್ಲಿಗಮ್ಮನ ಅಳು ಬೆಳಗ್ಗೆಯೇ ಬತ್ತಿತ್ತು. ಈಗ ಎದೆಯೊಳಗೆ ಹೊಡೆದುಕೊಳ್ಳುತ್ತಿದ್ದುದು ಬೇರೆಯೇ ಡವಡವ. ಹಾಸನದ ಕಾಲೇಜಿನಲ್ಲಿ ಬಿ.ಎಸ್ಸಿ. ಕೊನೆಯ ವರ್ಷದ ಭೌತಶಾಸ್ತ್ರದ ಪ್ರಾಯೋಗಿಕ ಪರೀಕ್ಷೆ ಇವತ್ತೇ. ಮೈಸೂರಿನಿಂದ ಪರೀಕ್ಷಕರು ಬಂದು ಕೂತಿದ್ದರು. ಇದು ತಪ್ಪಿದರೆ ಒಂದು ವರ್ಷ ನೀರುಪಾಲು. ಅದೇ ಪ್ರಯೋಗಶಾಲೆಯಲ್ಲಿ ಹನ್ನೊಂದು ವರ್ಷ ಅಟೆಂಡರ್ ಆಗಿದ್ದ ಅಪ್ಪ ದ್ಯಾವಯ್ಯ, ನಿನ್ನೆ ಸಂಜೆ ಪರೀಕ್ಷೆಗೆಂದು ಮೇಜುಗಳನ್ನೆಲ್ಲ ಒರೆಸಿ ಬಂದವನು, ಬೆಳಗ್ಗೆ ಮುಖ ತೊಳೆಯಲು ಹೋಗಿ ಬಚ್ಚಲಲ್ಲೇ ಕುಸಿದಿದ್ದ.

"ಎಲ್ಗೂ ಓಗಂಗಿಲ್ಲ," ಎಂದ ದೊಡ್ಡಪ್ಪ ಬೈರಯ್ಯ, ಚಟ್ಟಕ್ಕೆ ಬಿದಿರು ಕಟ್ಟುತ್ತಾ. "ತಾಯಿಲ್ಲದ ಮನೆ. ಬಾಯಿಗೆ ಅಕ್ಕಿ ಹಾಕಾಕೆ ಇರೋಳು ಇವ್ಳೊಬ್ಳೇ."

ಅವರಲ್ಲಿ ಪದ್ಧತಿಯೇ ಹಾಗೆ. ನಡುದಾರಿಯಲ್ಲಿ ಚಟ್ಟ ಇಳಿಸಿ, ದಿಕ್ಕು ತಿರುಗಿಸಿ, ಮಕ್ಕಳು ಬಾಯಿಗೆ ಅಕ್ಕಿ ಹಾಕಬೇಕು. ಹೆಂಗಸರು ಅಲ್ಲಿಂದಲೇ ಹಿಂದಿರುಗುತ್ತಾರೆ. ಆ ಜಾಗ ಕೆರೆ ಏರಿಯ ಅರಳಿಮರ. ಕಾಲೇಜು ದಾಟಿ ಅರ್ಧ ಮೈಲಿ ಹೋಗಬೇಕು. ಅದಕ್ಕೂ ಮೊದಲು ಸೋದರಮಾವ ಕೆಂಚಯ್ಯ ಕೊಣನೂರಿನಿಂದ ಹೊಸ ಬಟ್ಟೆ ತರಬೇಕು. ಅವನು ಕೂತಿದ್ದ ಬಸ್ಸಿನ ಸುಳಿವೇ ಇರಲಿಲ್ಲ.

*

ಎರಡು ವರ್ಷದ ಹಿಂದಿನ ಮಾತು. ಪಾಠವೆಲ್ಲ ಮುಗಿದ ಒಂದು ಶನಿವಾರ ಮಲ್ಲಿಗಮ್ಮ ಅಪ್ಪನ ತೋಳು ಹಿಡಿದು, ಬೆಳಕನ್ನು ಬಣ್ಣದ ಗೆರೆಗಳಾಗಿ ಬಿಡಿಸಿ ತೋರಿಸುವ ಸ್ಪೆಕ್ಟ್ರೋಮೀಟರಿನ ಮುಂದೆ ತಂದು ನಿಲ್ಲಿಸಿದ್ದಳು. ದಿನಾ ಅದರ ಹಿತ್ತಾಳೆ ಉಜ್ಜಿ ಹೊಳೆಸುತ್ತಿದ್ದ ಪುಣ್ಯಾತ್ಮ ಒಂದು ದಿನವಾದರೂ ಕಣ್ಣಿಟ್ಟು ನೋಡಿರಲಿಲ್ಲ.

"ಬ್ಯಾಡ ಕಣವ್ವ, ಸಾ ಬೈತಾರೆ."

"ನೋಡಪ್ಪಾ, ಒಂದೇ ಸಲ."

ಅದರ ಮುಂದಿನ ದೀಪದ ಉರಿಗೆ ಉಪ್ಪು ಹಿಡಿದಳು. ದ್ಯಾವಯ್ಯ ಬಗ್ಗಿ ನೋಡಿದ. ಉಸಿರು ಬಿಡಲಿಲ್ಲ.

"ಹಳ್ದಿ ಗೆರೆ... ಲೇ ಮಗಾ, ಒಂದಲ್ಲ! ಎಲ್ಡು ಕಣೇ! ಅಂಟ್ಕಂಡು ನಿಂತವೆ!"

ಕುಣಿಯುವುದೊಂದು ಬಾಕಿ. ಅವತ್ತಿನಿಂದ ಸಂತೆಯಲ್ಲಿ, ಬಸ್ಸಿನಲ್ಲಿ, ಸಿಕ್ಕಿದವರಿಗೆಲ್ಲ ಅದೇ ಕತೆ. ಉಪ್ಪಿನೊಳಗೆ ಎರಡು ಗೆರೆ ಇವೆ, ನನ್ನ ಮಗಳು ತೋರಿಸಿದಳು, ಎಂದು.

*

"ಆ ಎಲ್ಡು ಗೆರೆ ಕತೆಯ ನನ್ಗೂ ಬಂದು ಏಳ್ದ," ಎಂದ ಬೈರಯ್ಯ, ಹಗ್ಗದ ಗಂಟು ನೋಡುತ್ತಾ. "ಉಪ್ಪಾಕಿದ್ರೆ ಉರಿ ಕಾಣ್ತದೆ, ಗೆರೆ ಎಂಗ್ಲಾ ಕಾಣ್ತದೆ, ಮಗ್ಳು ಓದ್ತಾಳೆ ಅಂತ ನಮ್ಗೇ ಸುಳ್ಳು ಏಳ್ತೀಯಾ ಅಂದ್ಬುಟ್ಟೆ. ಆವತ್ತು ಎದ್ದೋದೋನು ಮತ್ತೆ ನನ್ ಮನೆ ಬಾಗ್ಲು ತುಳೀನಿಲ್ಲ."

ಬೈರಯ್ಯ ತಲೆ ಎತ್ತಿದ.

"ದಿಟವೇನವ್ವಾ ಅದು?"

"ದಿಟ ದೊಡ್ಡಪ್ಪ. ನಾನೇ ತೋರ್ಸಿದ್ದು. ಎಲ್ಡೇ ಗೆರೆ."

ಬೈರಯ್ಯ ತಮ್ಮನ ಮುಖದ ಕಡೆ ನೋಡಲಾರದೆ ಮತ್ತೆ ಬಿದಿರಿಗೆ ಕೈ ಹಾಕಿದ.

ಕೆಂಚಯ್ಯ ಬಟ್ಟೆಯ ಗಂಟು ಹಿಡಿದು ಏದುಸಿರು ಬಿಡುತ್ತಾ ಬಂದಾಗ ಒಂದೂಕಾಲು. ಹೊದಿಸಿ, ಹೂವು ಹಾಕಿ, ಎತ್ತುವಷ್ಟರಲ್ಲಿ ಒಂದೂವರೆ ದಾಟಿತ್ತು. ಮುಂದೆ ತಮಟೆ, ಹಿಂದೆ ಹೆಂಗಸರು. ಮಲ್ಲಿಗಮ್ಮ ಅಕ್ಕಿಯನ್ನು ಮುಷ್ಟಿಯಲ್ಲಿ ಬಿಗಿಹಿಡಿದು ನಡೆಯುತ್ತಿದ್ದಳು. ಅಪ್ಪನ ಹಿಂದೆ ಹೋಗುತ್ತಾ ಗಡಿಯಾರ ಲೆಕ್ಕ ಹಾಕುತ್ತಿದ್ದೇನಲ್ಲ ಎಂದು ತನ್ನ ಮೇಲೇ ಸಿಟ್ಟು ಬಂತು. ಕಾಲೇಜಿನ ಗೇಟು ಬಂತು. ಎರಡಕ್ಕೆ ಐದೇ ನಿಮಿಷವಿತ್ತು. ಅವಳು ತಲೆ ತಗ್ಗಿಸಿ ಮುಂದಕ್ಕೆ ಹೆಜ್ಜೆ ಇಟ್ಟಳು.

"ಇಳಿಸ್ರಲಾ ಇಲ್ಲೇ!" ಬೈರಯ್ಯನ ಕೂಗಿಗೆ ತಮಟೆಯೂ ತಬ್ಬಿಬ್ಬಾಯಿತು.

"ಅರಳಿಮರ ಇನ್ನೂ ದೂರ ಐತಲ್ಲ ಬೈರಣ್ಣ," ಎಂದ ಕೆಂಚಯ್ಯ.

"ಹನ್ನೊಂದು ವರ್ಸ ದಿನಾ ಬಂದು ನಿಂತಿದ್ದು ಇಲ್ಲಿ ಕಣ್ಲಾ. ಅವ್ನ ನಡುದಾರಿ ಇದೇಯ. ಇಳ್ಸು ಅಂದ್ರೆ ಇಳ್ಸು!"

ಇಳಿಸಿದರು. ತಿರುಗಿಸಿದರು. ಮಲ್ಲಿಗಮ್ಮ ಮುಷ್ಟಿ ಬಿಚ್ಚಿ ಅಪ್ಪನ ಬಾಯಿಗೆ ಅಕ್ಕಿ ಹಾಕಿದಳು. ಹೊನ್ನಕ್ಕ ಅವಳ ಬೆನ್ನಿಗೆ ಕೈಯಿಟ್ಟು ನೂಕಿದಳು. "ಓಡವ್ವಾ, ಓಡು!"

ಓಡಿದಳು. ಬಾಗಿಲಲ್ಲಿ ಕಾಯುತ್ತಿದ್ದ ಲೆಕ್ಚರರ್ ಈಶ್ವರಯ್ಯ ಏನೂ ಕೇಳದೆ ಪ್ರಯೋಗಗಳ ಹೆಸರು ಬರೆದ ಚೀಟಿಗಳ ಡಬ್ಬಿ ಮುಂದೆ ಹಿಡಿದರು. ಅವಳಿಗೆ ಬಂದದ್ದು ತೀರಾ ಸಣ್ಣ ವಿದ್ಯುತ್ತನ್ನೂ ಅಳೆಯುವ ಕನ್ನಡಿ ಗ್ಯಾಲ್ವನೋಮೀಟರ್. ಕೂದಲೆಳೆಯಂಥ ತಂತಿಗೆ ತೂಗುಬಿಟ್ಟ ಪುಟ್ಟ ಕನ್ನಡಿ. ಅದರಿಂದ ಬೆಳಕಿನ ಚುಕ್ಕೆಯೊಂದು ಅಳತೆಪಟ್ಟಿಯ ಮೇಲೆ ಬೀಳುತ್ತದೆ. ಚುಕ್ಕೆ ಸೊನ್ನೆಯ ಮೇಲೆ ನಿಲ್ಲದೆ ಪ್ರಯೋಗ ಶುರುವಾಗದು.

ಚುಕ್ಕೆ ನಿಲ್ಲಲೊಲ್ಲದು. ಕಿಟಕಿಯಾಚೆ ಹೆಣ ಮತ್ತೆ ಹೊರಟಿತ್ತು, ಗೋಡೆಯ ಪಕ್ಕದಲ್ಲೇ. ತಮಟೆಯ ಒಂದೊಂದು ಏಟಿಗೂ ಚುಕ್ಕೆ ಹುಚ್ಚೆದ್ದು ಕುಣಿಯಿತು. ಪರೀಕ್ಷಕರು ಹುಬ್ಬು ಗಂಟಿಕ್ಕಿದರು. ನಿಲ್ಲಿಸಿ ಎಂದು ಯಾವ ಬಾಯಲ್ಲಿ ಹೇಳಲಿ? ಅದು ಅಪ್ಪನ ತಮಟೆ.

ಆಗ ಹೊರಗಿನಿಂದ ದೊಡ್ಡಪ್ಪನ ದನಿ ಕೇಳಿತು.

"ನಿಲ್ಸ್ರಲಾ ತಮಟೆಯ! ಮಗ ಒಳಗವ್ಳೆ. ಈ ಗ್ವಾಡೆ ದಾಟಗಂಟ ಯಾರೂ ಉಸ್ರೆತ್ತಬ್ಯಾಡಿ!"

ತಮಟೆ ನಿಂತಿತು. ಗಂಡಸರ ಮಾತೂ ನಿಂತಿತು. ಜಲ್ಲಿಕಲ್ಲಿನ ಮೇಲೆ ಬರಿಗಾಲುಗಳು ಮೆಲ್ಲಗೆ ಸರಿದುಹೋಗುವ ಸಪ್ಪಳವಷ್ಟೇ ಉಳಿಯಿತು. ಚುಕ್ಕೆ ಎಡಕ್ಕೊಮ್ಮೆ, ಬಲಕ್ಕೊಮ್ಮೆ ತೂಗಿ, ಸೊನ್ನೆಯ ಮೇಲೆ ನಿಂತಿತು.