ಗಂಗಾಳ ಮದುವೆ ನಿಂತದ್ದು

ಪ್ರೇಮವ್ವ ಮಗ ಮೈಲೇಶನನ್ನು ಬ್ಯಾಡಗಿಯ ಸಣ್ಣ ದವಾಖಾನೆಗೆ ಹೊತ್ತು ತಂದಾಗ ಅವನ ಕಣ್ಣು ಗುಳಿ ಬಿದ್ದಿದ್ದವು. ಅಕ್ಕಿ ತೊಳೆದ ನೀರಿನಂಥ ಭೇದಿ ನಿಂತೇ ಇರಲಿಲ್ಲ. ಡಾಕ್ಟರ್ ಭುವನಾ ಎರಡೂ ಕೈಗೆ ಸಲಾಯಿನ್ ಹಚ್ಚಿದಳು. ಅದು ೨೦೦೪ರ ಬೇಸಿಗೆ.

"ಕಾಲರಾ ಇದ್ದಂಗ ಕಾಣತೈತಿ, ಪ್ರೇಮವ್ವ. ತಾಲೂಕಾ ಆರೋಗ್ಯ ಅಧಿಕಾರಿಗೆ ಈಗಲೇ ತಿಳಸಬೇಕು."

ಪ್ರೇಮವ್ವ ಎದ್ದು ಬಾಗಿಲು ಮುಚ್ಚಿದಳು. "ಬ್ಯಾಡ್ರಿ ಬಾಯಾರ! ನಾಳೆ ನನ್ನ ಮಗಳು ಗಂಗಾನ ಮದುವಿ. ರಾಣೇಬೆನ್ನೂರಿಂದ ಬೀಗರು ಬರಾಕತ್ತಾರ. ಗಂಡ ಸತ್ತಾಕಿ ನಾನು, ಎಷ್ಟು ಒದ್ದಾಡಿ ಗೊತ್ತುಮಾಡೇನಿ. ಈ ಸುದ್ದಿ ಹೊರಗ ಬಿದ್ರ ಅವರು ಹೊಳ್ಳಿ ನೋಡೂದಿಲ್ರಿ."

"ಕಾನೂನ ಐತಿ. ಅನುಮಾನ ಬಂದ್ರೂ ಹೇಳಬೇಕು. ಹೆಸರು, ಓಣಿ, ಎಲ್ಲಾ."

"ಒಂದ ದಿನ ತಡೀರಿ! ನಿಮ್ಮ ಕಾಲಿಗೆ ಬೀಳತೇನಿ."

ಖರೇನೇ ಬಿದ್ದಳು. ಆ ಗಟ್ಟಿ ಹಿಡಿತದಲ್ಲಿ ಭುವನಾಳ ಮನಸ್ಸು ಹೊಯ್ದಾಡಿತು. ಒಂದೇ ದಿನವಲ್ಲವೇ? ಆದರೂ ಕೇಳಿದಳು:

"ನೀರು ಎಲ್ಲೀದು?"

"ಓಣಿ ಬಾವೀದು. ಎಲ್ಲಾರೂ ಅದನ್ನ ಕುಡಿತೀವಿ."

"ಮತ್ತ್ಯಾರಿಗರ ಹಿಂಗ ಆಗೈತೇನು?"

ಪ್ರೇಮವ್ವ ಸೆರಗು ಬಾಯಿಗಿಟ್ಟುಕೊಂಡಳು. "ಬಾಜೂ ಮನಿ ಗುಲಾಬಬಿ ಮಗಳು... ನಿನ್ನೆಯಿಂದ ವಾಂತಿ ಮಾಡಾಕತ್ತಾಳ."

ಭುವನಾ ಫೋನ್ ಎತ್ತಿಕೊಂಡಳು. ಪ್ರೇಮವ್ವ ಅದೇ ನೆಲದ ಮೇಲೆ ಕುಳಿತು ತನ್ನ ಮಗನ ಹೆಸರು, ತನ್ನ ಓಣಿಯ ಹೆಸರು ಕೇಳಿಸಿಕೊಂಡಳು.

ಮಧ್ಯಾಹ್ನದೊಳಗೆ ಆರೋಗ್ಯ ಇಲಾಖೆಯವರು ಬಂದು ಬಾವಿಗೆ ಬ್ಲೀಚಿಂಗ್ ಪುಡಿ ಹಾಕಿದರು, ಮದುವೆಯ ಅಡುಗೆಗೆ ತುಂಬಿಟ್ಟ ಹಂಡೆಗಳನ್ನು ಚೆಲ್ಲಿಸಿದರು. ಮೈಕು ಕಟ್ಟಿದ ಆಟೋ ಓಣಿ ಓಣಿ ತಿರುಗಿತು. ಎಚ್ಚರ ತಪ್ಪಿ ಬಿದ್ದಿದ್ದ ಗುಲಾಬಬಿಯ ಮಗಳನ್ನು ಹಾವೇರಿಗೆ ಒಯ್ದರು. ಸಂಜೆ ರಾಣೇಬೆನ್ನೂರಿನಿಂದ ಸುದ್ದಿ ಬಂತು: ಬೀಗರು ಬರುವುದಿಲ್ಲ.

ಪ್ರೇಮವ್ವ ದವಾಖಾನೆಯ ಮುಂದೆ ನಿಂತು ಎದೆ ಎದೆ ಬಡಿದುಕೊಂಡಳು. "ನಿನ್ನ ಕಾನೂನು ನನ್ನ ಮಗಳಿಗೆ ತಾಳಿ ಕಟ್ಟತೈತೇನ? ಹೇಳಬೇ!" ಜನ ಸೇರಿದರು. ಭುವನಾ ಒಳಗೆ ಹೋಗಿ ಮೈಲೇಶನ ಸಲಾಯಿನ್ ಬಾಟಲಿ ಬದಲಿಸಿದಳು.

ಮರುದಿನ ಬೆಳಿಗ್ಗೆ ಗಂಗಾ ತಮ್ಮನಿಗೆ ಗಂಜಿ ತಂದಳು. ಮೊಣಕೈತನಕ ಅರಿಷಿಣ ಹಾಗೇ ಇತ್ತು.

"ಬಾಯಾರ, ಬೀಗರಿಗೆ ಹೇಳಿದಾಕಿ ನಾನ. ಮೈಕಿನ ಆಟೋ ಬರೂದಕ್ಕಿಂತ ಮೊದಲ, ಎಸ್‌ಟಿಡಿ ಬೂತಿಗೆ ಹೋಗಿ ಫೋನ್ ಮಾಡಿದೆ. ಅವರ ಮನ್ಯಾಗ ಸಣ್ಣ ಸಣ್ಣ ಕೂಸು ಅದಾವು. ಈ ನೀರಿನ ಊಟಕ್ಕ ಹೆಂಗ ಕರೀಲಿ?"

"ಹುಡುಗ ಏನಂದ?"

"ಏನೂ ಅನ್ನಲಿಲ್ರಿ. ಫೋನ್ ಇಟ್ಟ. ಅವ್ವಗ ಹೇಳಬ್ಯಾಡ್ರಿ. ನನ್ನ ಮಾರಿ ನೋಡೂದಿಲ್ಲ ಆಕಿ."

"ಇಲ್ಲವ್ವಾ, ಹೇಳೂದಿಲ್ಲ."

ಮೈಲೇಶ ಉಳಿದ. ಗುಲಾಬಬಿಯ ಮಗಳೂ ಉಳಿದಳು. ರಾಣೇಬೆನ್ನೂರಿನ ಹುಡುಗ ಆ ವರ್ಷವೇ ಬೇರೆ ಕಡೆ ಮದುವೆಯಾದ. ಇಂದಿಗೂ ಭುವನಾ ಆ ಓಣಿಯಲ್ಲಿ ಹಾಯ್ದರೆ ಪ್ರೇಮವ್ವ ಕಟ್ಟೆಯಿಂದೆದ್ದು, ನೆಲಕ್ಕೆ ಉಗುಳಿ, ಒಳಗೆ ಹೋಗಿ ಕದ ಹಾಕಿಕೊಳ್ಳುತ್ತಾಳೆ. ಭುವನಾ ಮುಂದೆ ಹೋಗುತ್ತಾಳೆ.