ಮೂರನೇ ಟ್ಯಾಂಕಿನ ಹುಳಿ

ಹೊಸೂರಿನ ಸುತ್ತ ಗುಲಾಬಿಗೇನೂ ಬರವಿಲ್ಲ. ಬಾಗಲೂರು ರಸ್ತೆಯುದ್ದಕ್ಕೂ ಪ್ಲಾಸ್ಟಿಕ್ ಹೊದಿಸಿದ ಮನೆಗಳೊಳಗೆ ಸಾಲುಸಾಲಾಗಿ ಬೆಳೆಯುತ್ತವೆ. ನೋಡಲು ರಾಣಿಯರು, ಮೂಸಿದರೆ ಏನೂ ಇಲ್ಲ. ಅದಕ್ಕೇ ಇರಬೇಕು, ಅದೇ ರಸ್ತೆಯ ಒಂದು ಫ್ಯಾಕ್ಟರಿಯಲ್ಲಿ ಹೂವಿನ ಗೊಡವೆಯೇ ಇಲ್ಲದೆ ಗುಲಾಬಿಯ ಪರಿಮಳ ತಯಾರಾಗುತ್ತಿತ್ತು. ಆಳೆತ್ತರದ ಸ್ಟೀಲ್ ಟ್ಯಾಂಕುಗಳಲ್ಲಿ ಸಕ್ಕರೆ ಪಾಕ ತಿಂದು ಯೀಸ್ಟ್ ಹುದುಗೇಳುತ್ತಿತ್ತು. ಐದನೇ ದಿನಕ್ಕೆ ಕೋಣೆಯೆಲ್ಲ ಘಮ್ಮೆನ್ನುತ್ತಿತ್ತು. ಹೊಲ ಬೇಡ, ಔಷಧಿ ಹೊಡೆಯುವುದು ಬೇಡ, ಭೂಮಿಗೆ ಹೊರೆಯೇ ಇಲ್ಲ ಎಂದು ಗೇಟಿನ ಬೋರ್ಡು ಹೇಳುತ್ತಿತ್ತು. ಒಳಗೆ ದುಡಿಯುವ ಹೆಂಗಸರ ಮೇಲಿನ ಹೊರೆಯ ಬಗ್ಗೆ ಬೋರ್ಡು ಏನೂ ಹೇಳುತ್ತಿರಲಿಲ್ಲ.

ಸುಧಾ ಕೆಲಮಂಗಲದವಳು. ಮೂರು ವರ್ಷದಿಂದ ಟ್ಯಾಂಕ್ ರೂಮಿನಲ್ಲಿ ಕಾಂಟ್ರ್ಯಾಕ್ಟ್ ಕೆಲಸ. ಭಾನುವಾರ ಸಂಜೆ ಕಾಂಟ್ರ್ಯಾಕ್ಟರನ ಫೋನ್ ಬಂದರೆ ಆ ವಾರ ಕೆಲಸ ಉಂಟು, ಬಾರದಿದ್ದರೆ ಇಲ್ಲ. ಭಾನುವಾರದ ಊಟ ಅವಳ ಗಂಟಲಲ್ಲಿ ಸರಾಗವಾಗಿ ಇಳಿದದ್ದೇ ಇಲ್ಲ. ಈ ಸಲ ಒಬ್ಬರನ್ನು ಪರ್ಮನೆಂಟ್ ಮಾಡುತ್ತಾರೆಂಬ ಸುದ್ದಿಯಿತ್ತು. ಒಬ್ಬರನ್ನು ಮಾತ್ರ. ಹೆಸರು ಬರೆದು ಕಳಿಸಬೇಕಾದವನು ಶಿಫ್ಟ್ ಇನ್‌ಚಾರ್ಜ್ ವಸುಧೇಂದ್ರ. ಹೊಸೂರು ಪೇಟೆಯ ಹಳೇ ಮನೆತನ, ಎಂ.ಎಸ್ಸಿ. ಓದಿದವನು. ಶುಕ್ರವಾರ ಟ್ಯಾಂಕುಗಳಿಗೆ ಅರಿಶಿನ ಕುಂಕುಮ ಹಚ್ಚಿ ಕೈಮುಗಿಯದೆ ಒಂದು ಸ್ವಿಚ್ಚನ್ನೂ ಒತ್ತದವನು.

ಅವನ ಕಣ್ಣಿಗೆ ಬೀಳಬೇಕಲ್ಲ! ಸುಧಾ ಅತ್ತೆಯ ಹಿತ್ತಲಿನ ಮಲ್ಲಿಗೆ ಕಟ್ಟಿ ತಂದು, ಪೂಜೆಯ ಹೊತ್ತಿಗೆ ಮೂರನೇ ಟ್ಯಾಂಕಿನ ನಲ್ಲಿಗೆ ಸುತ್ತತೊಡಗಿದಳು. ಸ್ಯಾಂಪಲ್ ತೆಗೆಯುವ ಆ ನಲ್ಲಿ ಬಾಗಿಲಿಗೆ ಎದುರಾಗಿತ್ತು, ಬಂದವರಿಗೆಲ್ಲ ಹೂವು ಕಾಣುತ್ತಿತ್ತು. "ಭಕ್ತಿ ಇರೋ ಹುಡುಗಿ," ಎಂದ ವಸುಧೇಂದ್ರ. ಎರಡು ದಿನ ಅವಳು ಆ ಮಾತನ್ನೇ ಮೆಲುಕು ಹಾಕಿದಳು.

ಆ ವಾರ ಮೂರನೇ ಟ್ಯಾಂಕು ಹುಳಿತುಹೋಯಿತು. ಗುಲಾಬಿ ಬರಬೇಕಾದಲ್ಲಿ ಹಳಸಿದ ಗಂಜಿಯ ನಾತ. ಇದ್ದದ್ದನ್ನೆಲ್ಲ ಹೊರಗೆ ಚೆಲ್ಲಿದರು. ಮುಂದಿನ ವಾರವೂ ಹಾಗೆಯೇ. ಮೂರನೇ ಸಲ ಹುಳಿತಾಗ ಚೆನ್ನೈ ಆಫೀಸಿನಿಂದ ಕಾರಣ ಕೇಳಿ ಫೋನ್ ಬಂತು, ವಸುಧೇಂದ್ರನ ಮುಖ ಸುಣ್ಣ ಬಳಿದಂತಾಯಿತು.

ಕಾರಣ ಮೊದಲು ಕಂಡದ್ದು ಸುಧಾಗೆ. ಬಾಡಿದ ಹೂವು ಬಿಚ್ಚುವಾಗ ನಲ್ಲಿಯ ಬಾಯೊಳಗೆ ಒಂದು ಎಸಳು ಕೊಳೆತು ಅಂಟಿಕೊಂಡಿತ್ತು, ಸುತ್ತ ಲೋಳೆ. ಮೂಗು ಹತ್ತಿರ ಒಯ್ದಳು. ಅದೇ ಹಳಸಿದ ಗಂಜಿ. ಹೂವಿನೊಳಗಿನ, ಕಣ್ಣಿಗೆ ಕಾಣದ ಯಾವುದೋ ಕ್ರಿಮಿ ನಲ್ಲಿಯ ಬಾಯಿಂದ ಟ್ಯಾಂಕಿಗೆ ಇಳಿದು ಮನೆ ಮಾಡಿತ್ತು. ಪಿನ್ನಿನಿಂದ ಕೆದಕಿ ತೆಗೆದಳು, ಸ್ಪಿರಿಟ್ ಸುರಿದು ತೊಳೆದಳು, ಎಸಳನ್ನು ಸೆರಗಿನ ತುದಿಯಲ್ಲಿ ಕಟ್ಟಿಕೊಂಡು ಹೋಗಿ ಬಸ್ಸಿನ ಕಿಟಕಿಯಿಂದ ಎಸೆದಳು. ವಸುಧೇಂದ್ರನಿಗೆ ಹೊಳೆಯಲಿಲ್ಲವೇ ಎಂದರೆ, ದೇವರಿಗೇರಿಸಿದ ಹೂವಿನ ಮೇಲೆ ಅನುಮಾನ ಪಡುವಷ್ಟು ಎಂ.ಎಸ್ಸಿ. ಅವನು ಓದಿರಲಿಲ್ಲ.

ಅವನಿಗೆ ಹೊಳೆದದ್ದೇ ಬೇರೆ. ಮರುದಿನ ಸುಧಾಳೂ ಸೇರಿ ನಾಲ್ಕು ಹುಡುಗಿಯರನ್ನು ಸಾಲಾಗಿ ನಿಲ್ಲಿಸಿದ.

"ನಾಚ್ಕೊಳ್ಳೋದೇನಿಲ್ಲ. ಮುಟ್ಟಾದಾಗ ನಿಮ್ ಮನೇಲಿ ಉಪ್ಪಿನಕಾಯಿ ಜಾಡಿ ಮುಟ್ಟಿಸ್ತಾರಾ? ಇದೂ ಜೀವ ಇರೋ ವಸ್ತು. ಹೇಳ್ರಮ್ಮ, ಹೋದ್ ಶುಕ್ರವಾರ ಯಾರಿಗಾಗಿತ್ತು?"

ಮೂವರು ನೆಲ ನೋಡಿದರು. ನಾಲ್ಕನೆಯವಳು ಚಂದ್ರಲೇಖಾ, ಬಾಗಲೂರಿನ ಹುಡುಗಿ, ಡಿಪ್ಲೊಮಾ ಓದಿದವಳು, ಸುಧಾಳ ಜೊತೆ ದಿನಾ ಒಂದೇ ಡಬ್ಬಿಯಲ್ಲಿ ಉಣ್ಣುವವಳು. ಸುಳ್ಳು ಹೇಳಲು ಅವಳಿಗೆ ಯಾರೂ ಕಲಿಸಿರಲಿಲ್ಲ.

"ನಂಗಾಗಿತ್ತು ಸಾರ್. ಅದ್ಕೂ ಟ್ಯಾಂಕಿಗೂ ಏನ್ ಸಂಬಂಧ? ಗ್ಲೌಸ್ ಹಾಕಿದ್ದೆ, ಸ್ಪಿರಿಟಲ್ಲಿ ನಲ್ಲಿ ಒರೆಸಿದ್ದೆ. ಸುಧಕ್ಕ ಪಕ್ಕದಲ್ಲೇ ಇದ್ಳು, ಬೇಕಾದ್ರೆ ಕೇಳಿ."

ಎಲ್ಲರೂ ಸುಧಾಳತ್ತ ತಿರುಗಿದರು. ಅವಳು ನೋಡಿದ್ದಳು. ಒಂದು ಸಲವಲ್ಲ, ಎರಡು ಸಲ ಒರೆಸಿದ್ದನ್ನು ನೋಡಿದ್ದಳು. ಹೌದು ಎಂದರೆ ಮುಂದಿನ ಪ್ರಶ್ನೆ ಬರುತ್ತದೆ: ಹಾಗಾದರೆ ಮತ್ತೇನು?

"ನಾನ್ ನೋಡ್ಲಿಲ್ಲ ಸಾರ್," ಎಂದಳು.

ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ. ಮೂರು ವಾರ ಹುಳಿತದ್ದಕ್ಕೆ ಒಬ್ಬಳ ಮೂರು ದಿನ ಹೇಗೆ ಕಾರಣವಾಗುತ್ತದೆ ಎಂದು ಒಬ್ಬರೂ ಕೇಳಲಿಲ್ಲ. ಚೆನ್ನೈಗೆ ಹೋದ ಕಾಗದದಲ್ಲಿ 'ಸಿಬ್ಬಂದಿಯ ಸ್ವಚ್ಛತೆಯ ಲೋಪ' ಎಂದು ಮರ್ಯಾದೆಯಾಗಿ ಬರೆದಿತ್ತು. ಭಾನುವಾರ ಚಂದ್ರಲೇಖಾಗೆ ಕಾಂಟ್ರ್ಯಾಕ್ಟರನ ಫೋನ್ ಬರಲಿಲ್ಲ. ಅವಳು ಸುಧಾಗೆ ಮಾಡಿದಳು.

"ಅಕ್ಕ, ನಿಂಗೆ ಫೋನ್ ಬಂತಾ?"

"ಬಂತು."

"ಯಾಕಕ್ಕ ಹಂಗಂದ್ಬುಟ್ಟೆ?"

"ಒಲೆ ಮೇಲೆ ಹಾಲಿಟ್ಟಿದೀನಿ ಕಣೆ, ಉಕ್ತಾ ಐತೆ," ಎಂದು ಸುಧಾ ಫೋನಿಟ್ಟಳು. ಒಲೆ ಹಚ್ಚಿಯೇ ಇರಲಿಲ್ಲ. ನಾಚಿಕೆಯಾಯಿತು, ನಿಜ. ಆದರೆ ಆ ಸಂಜೆ ಊಟ ಸರಾಗವಾಗಿ ಇಳಿಯಿತು.

ಟ್ಯಾಂಕನ್ನು ಕುದಿಯುವ ಹಬೆಯಲ್ಲಿ ತೊಳೆದು ಮತ್ತೆ ತುಂಬಿಸಿದರು. ಶುಕ್ರವಾರ ಸುಧಾ ಹೂವನ್ನು ನಲ್ಲಿಗೆ ಸುತ್ತಲಿಲ್ಲ. "ಆಫೀಸ್ ರೂಮಿನ ವೆಂಕಟರಮಣನ ಫೋಟೋಗೆ ಹಾಕ್ತೀನಿ ಸಾರ್, ಅಲ್ಲಿ ಬರೀ ಪ್ಲಾಸ್ಟಿಕ್ ಹಾರ ಐತೆ," ಎಂದಳು. ವಸುಧೇಂದ್ರನಿಗೆ ಇನ್ನೂ ಸಂತೋಷವಾಯಿತು.

ಐದನೇ ದಿನ ಸ್ಯಾಂಪಲ್ ತೆಗೆದವಳು ಸುಧಾಳೇ. ಅಂದು ಅವಳ ಮುಟ್ಟಿನ ಎರಡನೇ ದಿನ. ಯಾರಿಗೂ ಹೇಳದೆ ಗ್ಲೌಸ್ ಹಾಕಿ ನಲ್ಲಿ ತಿರುಗಿಸಿದಳು. ಬಾಟಲಿಗೆ ಇಳಿದದ್ದು ಅಪ್ಪಟ ಗುಲಾಬಿ. ಅಂಥ ಪರಿಮಳ ಆ ಕೋಣೆಯಲ್ಲಿ ಹಿಂದೆಂದೂ ಬಂದಿರಲಿಲ್ಲ.

"ಪಾತ್ತಿಯಾ? ನೋಡಿದ್ಯಾ?" ಎಂದ ವಸುಧೇಂದ್ರ, ಖುಷಿಯಾದಾಗ ಅವನ ಬಾಯಿಗೆ ತಮಿಳೇ ಬರುವುದು. "ಅವ್ಳು ಹೋದ್ಮೇಲೆ ಹೆಂಗ್ ಬಂತು ನೋಡು. ನಾನ್ ಹೇಳಿದ್ರೆ ನಗ್ತಿದ್ರಿ. ಇದಕ್ಕಿಂತ ಪ್ರೂಫ್ ಬೇಕಾ?"

ಬೇಕಿರಲಿಲ್ಲ. ಮುಂದಿನ ಟ್ಯಾಂಕೂ ಗುಲಾಬಿಯೇ, ಅದರ ಮುಂದಿನದೂ. ಟ್ಯಾಂಕು ಸರಿಹೋದಷ್ಟೂ ಚಂದ್ರಲೇಖಾಳ ತಪ್ಪು ಗಟ್ಟಿಯಾಗುತ್ತಾ ಹೋಯಿತು. ಅವಳು ಬೇರೆ ಎರಡು ಕಡೆ ಕೆಲಸ ಕೇಳಿದಳು. ಎಲ್ಲ ಕಡೆಗೂ ಕಾಂಟ್ರ್ಯಾಕ್ಟರ್ ಒಬ್ಬನೇ, ಅವನ ಬಾಯಿ ಅವಳಿಗಿಂತ ಮೊದಲೇ ಅಲ್ಲಿಗೆ ತಲುಪಿರುತ್ತಿತ್ತು. ಬರೆಯದ ಒಂದು ನಿಯಮವೂ ಹುಟ್ಟಿತು: ಮುಟ್ಟಾದವರು ಟ್ಯಾಂಕ್ ರೂಮಿಗೆ ಕಾಲಿಡಬಾರದು, ಹಿಂದಿನ ಅಂಗಳದಲ್ಲಿ ಕ್ಯಾನು ತೊಳೆಯಬೇಕು. ಯಾರು ಯಾವ ದಿನ ಎಂದು ಕೇಳಿ ತಿಳಿದುಕೊಳ್ಳುವ ಕೆಲಸ ಗಂಡಸಿಗೆ ಹೇಗೆ ಕೊಡುವುದು? ಅಷ್ಟರಲ್ಲಿ ಪರ್ಮನೆಂಟ್ ಆಗಿದ್ದ ಸುಧಾಳಿಗೆ ಕೊಟ್ಟರು. ಅವಳನ್ನು ಮಾತ್ರ ಯಾರೂ ಕೇಳುತ್ತಿರಲಿಲ್ಲ.

ಚಂದ್ರಲೇಖಾಳ ಜಾಗಕ್ಕೆ ಭೂಮಿಕಾ ಎಂಬ ಡೆಂಕಣಿಕೋಟೆಯ ಹುಡುಗಿ ಬಂದಳು. ಮೊದಲ ತಿಂಗಳೇ, ಏಪ್ರಿಲ್ ಬಿಸಿಲಿನಲ್ಲಿ, ಸುಧಾ ಅವಳನ್ನು ಬಾಗಿಲಲ್ಲೇ ತಡೆದು ಅಂಗಳದ ಕಡೆ ಕೈ ತೋರಿಸಿದಳು.

ಭೂಮಿಕಾ ಹೊಟ್ಟೆ ಹಿಡಿದುಕೊಂಡು ನಿಂತಳು. "ಅಕ್ಕ, ಇಲ್ಲಿ ಒಳಗೆ ತಣ್ಣಗೈತೆ, ಒಂದ್ ಮೂಲೇಲಿ ಕೂತ್ಕೊಂತೀನಿ, ಏನೂ ಮುಟ್ಟಲ್ಲ. ನಿಜವಾಗ್ಲೂ ಹುಳಿತದಾ ಅಕ್ಕ? ನಂಗೆ ನಂಬ್ಕೆ ಬರಲ್ಲ."

"ನಂಗೂ ಬರ್ತಿರ್ಲಿಲ್ಲ," ಎಂದಳು ಸುಧಾ. "ಬಾಗಲೂರವಳು ಒಬ್ಳಿದ್ಳು, ಚಂದ್ರಲೇಖಾ ಅಂತ. ಅವ್ಳ ಕೈಯಿಂದ ಮೂರು ಟ್ಯಾಂಕು ಹೋಯ್ತು. ಹೋಗು, ಬಿಸಿಲು ಏರೋದ್ರೊಳಗೆ ತೊಳೆದ್ಬುಡು."

ಹುಡುಗಿ ಹೋದಳು. ಮೊದಮೊದಲು ಆ ಹೆಸರು ಹೇಳುವಾಗ ಸುಧಾಳ ನಾಲಿಗೆ ತಡವರಿಸುತ್ತಿತ್ತು. ಈಗ ಅವಳು ಆ ಕತೆಯನ್ನು ತಾನೇ ನಂಬಿದ್ದಳು.