ಹಿಡಿ ತಿರುಗಿಸಿದವರು ಶೇಷ ಓದಬಾರದು

ಯಶವಂತಪುರದ ಆ ಲೆಕ್ಕದ ಕಚೇರಿಯಲ್ಲಿ ಒಂದು ಕಟ್ಟುನಿಟ್ಟಿನ ನಿಯಮವಿತ್ತು. ಗುಣಿಸಿ ಭಾಗಿಸುವ ಕೈಮೆಷಿನ್ನಿನ ಹಿಡಿ ತಿರುಗಿಸಿದವರು ಉತ್ತರ ಓದಬಾರದು, ಪಕ್ಕದವರು ಓದಬೇಕು. ತನ್ನ ತಪ್ಪು ತನ್ನ ಕಣ್ಣಿಗೆ ಬೀಳುವುದಿಲ್ಲವಲ್ಲ. ಆ ನಿಯಮ ಮಾಡಿದ ಪುಣ್ಯಾತ್ಮ ಯಾರೋ, ಬದರುನ್ನೀಸಾ ಮಾತ್ರ ಅವನಿಗೆ ದಿನವೂ ಮನಸ್ಸಿನಲ್ಲೇ ದುವಾ ಮಾಡುತ್ತಿದ್ದಳು. ಅವಳ ಪಕ್ಕದ ಕುರ್ಚಿ ನರಸಯ್ಯನದು.

ಐವತ್ತೆಂಟನೇ ಇಸವಿ. ಅವಳು ಮತ್ತಿಕೆರೆಯಿಂದ ನಡೆದು ಬರುವಳು, ಅವನು ಕೊಡಿಗೇಹಳ್ಳಿಯಿಂದ ಸೈಕಲ್ಲಿನಲ್ಲಿ. ಊಟದ ಬಿಡುವಿನಲ್ಲಿ ಇಬ್ಬರಿಗೂ ಒಂದೇ ಹುಚ್ಚು. ಮೂವತ್ತೊಂದು ಎರಡುಗಳನ್ನು ಒಂದಕ್ಕೊಂದು ಗುಣಿಸಿ ಒಂದು ಕಳೆದರೆ ಇನ್ನೂರ ಹದಿನಾಲ್ಕು ಕೋಟಿ ಚಿಲ್ಲರೆಯ ಒಂದು ಸಂಖ್ಯೆ ಬರುತ್ತದೆ. ಅದು ಅವಿಭಾಜ್ಯ, ತನ್ನನ್ನೂ ಒಂದನ್ನೂ ಬಿಟ್ಟು ಯಾವುದಕ್ಕೂ ಬಗ್ಗದು ಎಂದು ಪಂಡಿತರು ಎಂದೋ ಸಾಧಿಸಿದ್ದಾರೆ.

“ಅವ್ರು ನೋಡಿದ್ದು ಅವ್ರಿಗಾಯ್ತು. ನಾವೂ ಒಂದ್ಸಲ ನೋಡ್ಬೇಡ್ವಾ?” ಎಂದಿದ್ದ ನರಸಯ್ಯ.

ಮೂರು, ಐದು, ಏಳು ಎಂದು ಚಿಕ್ಕ ಅವಿಭಾಜ್ಯಗಳಿಂದ ಸಾಲಾಗಿ ಭಾಗಿಸುತ್ತ ಆ ಸಂಖ್ಯೆಯ ವರ್ಗಮೂಲದವರೆಗೆ, ಎಂದರೆ ನಲವತ್ತಾರು ಸಾವಿರ ದಾಟುವವರೆಗೆ ಹೋಗಬೇಕು. ಅವಳು ಹಿಡಿ ತಿರುಗಿಸುವಳು, ಅವನು ಶೇಷ ಓದುವನು. ವರ್ಷಗಟ್ಟಲೆ ಹಿಡಿಯುವ ಕೆಲಸ. ಅವಳಿಗೆ ಬೇಕಾಗಿದ್ದೂ ಅದೇ. ಅವನ ಮೇಲಿನ ಆಸೆ ಎರಡೂ ಮನೆಗಳಲ್ಲಿ ಬಾಯಿಬಿಟ್ಟು ಹೇಳುವಂಥದ್ದಾಗಿರಲಿಲ್ಲ.

ಒಂದು ಅಡ್ಡದಾರಿ ಇದೆಯೆಂದು ಅವಳಿಗೆ ಗೊತ್ತಿತ್ತು. ಈ ಸಂಖ್ಯೆಯನ್ನು ಭಾಗಿಸಬಲ್ಲ ಅಂಕಿ ಇದ್ದರೆ, ಅದನ್ನು ಅರವತ್ತೆರಡರಿಂದ ಭಾಗಿಸಿದಾಗ ಒಂದು ಉಳಿಯಲೇಬೇಕು. ಅಂಥವನ್ನಷ್ಟೇ ನೋಡಿದರೆ ಮೂವತ್ತು ಪಾಲು ಕೆಲಸ ಒಂದು ಪಾಲಿಗೆ ಇಳಿಯುತ್ತದೆ. ಗೊತ್ತಿದ್ದೂ ಬಾಯಿಗೆ ಬೀಗ ಹಾಕಿಕೊಂಡಿದ್ದಳು ಕಳ್ಳಿ.

ಒಂದು ಮಧ್ಯಾಹ್ನ ನರಸಯ್ಯ ಹೇಳಿದ: “ಕಲ್ಕತ್ತಾಕ್ಕೆ ವರ್ಗ ಆಯ್ತು ಕಣ್ರೀ. ತಿಂಗಳ ಕೊನೇಲಿ ಹೊರಡ್ಬೇಕು. ಇದೊಂದು ಮುಗಿಯೋದು ನೋಡ್ಲಿಲ್ವಲ್ಲ ಅಂತ ಬೇಜಾರು.”

ಅವನ ಆಸೆಯಾದರೂ ತೀರಲಿ ಎಂದು ಅವಳು ಅಡ್ಡದಾರಿ ಹೇಳಿಬಿಟ್ಟಳು. “ಹಿಂಗ್ ಮಾಡಿದ್ರೆ ನೀವು ಹೋಗೋದ್ರೊಳಗೆ ಮುಗಿಯುತ್ತೆ.”

“ಯಾವಾಗ ಗೊತ್ತಾಯ್ತು ಇದು?”

“ಮೊದಲ್ನೇ ವಾರಾನೇ.”

ನರಸಯ್ಯ ಹಿಂದಿನ ದಿನ ನಿಲ್ಲಿಸಿದ್ದ ಕಡೆಯಿಂದ ಸಾಲಿನ ಮುಂದಿನ ಅಂಕಿಯನ್ನೇ ಮೆಷಿನ್ನಿನಲ್ಲಿ ಕೂರಿಸಿದ. ಅದು ಅಡ್ಡದಾರಿಯ ಅಂಕಿಯಲ್ಲ.

“ಸಾಲಾಗೇ ಹೋಗೋಣ ಬಿಡಿ,” ಎಂದ. “ತಿರುಗ್ಸಿ.”

ತಿಂಗಳ ಕೊನೆಗೆ ಅವನು ಹೋದ. ಲೆಕ್ಕ ಅರ್ಧವೂ ಆಗಿರಲಿಲ್ಲ.

ಮಾರನೆಯ ದಿನ ಊಟದ ಬಿಡುವಿನಲ್ಲಿ ಬದರುನ್ನೀಸಾ ಒಬ್ಬಳೇ ಮೆಷಿನ್ನಿನ ಮುಂದೆ ಕುಳಿತಳು. ಅಡ್ಡದಾರಿ ಹಿಡಿದರೆ ಬೇಗ ಮುಗಿಯುತ್ತಿತ್ತು. ಅವಳೂ ಸಾಲಿನ ಮುಂದಿನ ಅಂಕಿಯನ್ನೇ ಕೂರಿಸಿ ಹಿಡಿ ತಿರುಗಿಸಿದಳು. ನಿಯಮ ನಿಯಮವೇ. ಉತ್ತರದ ಕಡೆ ನೋಡದೆ, ಪಕ್ಕದ ಖಾಲಿ ಕುರ್ಚಿಯತ್ತ ಮುಖ ಮಾಡಿ, ಬಿಡುವು ಮುಗಿಯುವವರೆಗೂ ಹಾಗೇ ಕುಳಿತಿದ್ದಳು.